ಜಾರದ ಗಂಟು

ಹೊಸದುರ್ಗದ ಸಂತೆಯಿಂದ ತಂದ ಹೊಸ ಹಗ್ಗವನ್ನು ಬಾವಿ ಕಟ್ಟೆಯ ಮೇಲೆ ಬಿಚ್ಚಿದೆ ನೋಡಿ, ಆ ನಾರಿನ ವಾಸನೆಗೆ ನಮ್ಮ ದೊಡ್ಡಪ್ಪ ಎದುರಿಗೇ ಬಂದು ನಿಂತಂತಾಯಿತು. ಬಾವಿಯ ಹೂಳೆತ್ತಲು ರಂಗಪ್ಪ ಇಳಿಯಬೇಕು. ಅವನಿಗೆ ಹಗ್ಗ ಕಟ್ಟಬೇಕಾದವನು ನಾನು.

ದೊಡ್ಡಪ್ಪ ನೌಕಾಪಡೆಯಲ್ಲಿದ್ದವರು. ಬಾಂಗ್ಲಾ ಯುದ್ಧದ ಹೊತ್ತಿಗೆ ಹಡಗಿನ ಮೇಲಿದ್ದರು. ತೆಂಗಿನ ತೋಟ, ಜಾಲಿ ಮುಳ್ಳು ಬಿಟ್ಟರೆ ಬೇರೇನೂ ಕಾಣದ ನಮ್ಮ ಸೀಮೆಯಿಂದ ಒಬ್ಬರು ಸಮುದ್ರಕ್ಕೆ ಹೋದದ್ದೇ ನನಗೆ ರೋಮಾಂಚನ. ಯುದ್ಧದ ಕತೆ ಹೇಳಿ ಎಂದು ಪೀಡಿಸಿದರೆ ಫಿರಂಗಿ, ಗುಂಡು ಎಲ್ಲ ಬಿಟ್ಟು ಹಗ್ಗದ ಕತೆ ಹೇಳುತ್ತಿದ್ದರು. ಅಲೆಗೆ ಸಿಕ್ಕಿ ನೀರಿಗೆ ಬಿದ್ದ ಜೊತೆಗಾರನನ್ನು ಕುಣಿಕೆ ಎಸೆದು ಮೇಲೆಳೆದುಕೊಂಡರಂತೆ. ಆ ಕುಣಿಕೆಯ ಗಂಟು ಜಾರುವುದಿಲ್ಲ, ಮೈಯನ್ನು ಬಿಗಿಯುವುದೂ ಇಲ್ಲ. ಚಿಕ್ಕದೊಂದು ಸುರುಳಿ ಮಾಡಿ ಅದನ್ನು ಹುತ್ತ ಎನ್ನುತ್ತಿದ್ದರು, ಹಗ್ಗದ ತುದಿಯೇ ಹಾವು, ನೆಟ್ಟಗೆ ಹಿಡಿದ ಉಳಿದ ಹಗ್ಗವೇ ಮರ. "ಹಾವು ಹುತ್ತದಿಂದ ಮ್ಯಾಲೆ ಬಂತು, ಹುಣಸೆ ಮರ ಸುತ್ತಿತು, ತಿರುಗಿ ಹುತ್ತಕ್ಕೇ ಹೋತು. ಇಷ್ಟೇ ಐತೆ ಕಣಪ್ಪ." ನನ್ನ ಹಾವು ಮಾತ್ರ ಪ್ರತಿ ಸಲವೂ ದಾರಿ ತಪ್ಪುತ್ತಿತ್ತು.

ಹೊಸದಾಗಿ ಮೇಷ್ಟ್ರಾದ ಗತ್ತಿನಲ್ಲಿ ಒಮ್ಮೆ ನಾನೇ ಈ ಬಾವಿಗೆ ಇಳಿಯುತ್ತೇನೆಂದು ಹೊರಟಿದ್ದೆ. ನಾನು ಬಿಗಿದುಕೊಂಡ ಗಂಟನ್ನು ದೊಡ್ಡಪ್ಪ ಎರಡೇ ಬೆರಳಲ್ಲಿ ಬಿಚ್ಚಿದರು. ತಮ್ಮ ಗಂಟು ಹಾಕಿ, ಕುಣಿಕೆಯನ್ನು ನನಗೆ ಕೊಡದೆ ತಾವೇ ತೊಟ್ಟು, ಇನ್ನೊಂದು ತುದಿಯನ್ನು ತೆಂಗಿನ ಮರಕ್ಕೆ ಕಟ್ಟಿ, ಬಾವಿಯೊಳಕ್ಕೆ ಪೂರ್ತಿ ಜೋತುಬಿದ್ದರು. ನಾನು ಹೌಹಾರಿದೆ.

"ಹಡಗಲ್ಲಿ ಹಿಂಗೇ ಕಣಪ್ಪ. ಕಟ್ಟಿದೋನೇ ಮೊದ್ಲು ಜೋತ್ ಬೀಳ್ಬೇಕು" ಎಂದರು.

ಆ ದಿನ ಅದೇ ಕುಣಿಕೆ ತೊಟ್ಟು ಇಳಿಯುವಾಗ ನಡುವಿನ ಮೆಟ್ಟಿಲ ಕಲ್ಲು ಕಿತ್ತು ನಾನು ಬಿದ್ದೆ. ಗಂಟು ಬಿಡಲಿಲ್ಲ. ಅದಕ್ಕೇ ನಿಮ್ಮೊಡನೆ ಹೀಗೆ ಹರಟುತ್ತಾ ಕೂತಿದ್ದೇನೆ.

ದೊಡ್ಡಪ್ಪ ಹೋಗಿ ಎಷ್ಟೋ ವರ್ಷಗಳಾದವು. ಇವತ್ತು ಮೊದಲ ಸಲ ಗಂಟು ತಪ್ಪಿತು, ಎರಡನೆಯ ಸಲವೂ ತಪ್ಪಿತು. ಮೂರನೆಯ ಸಲ ಹಾವು ಮರ ಸುತ್ತಿ ನೆಟ್ಟಗೆ ಹುತ್ತ ಹೊಕ್ಕಿತು! ಎಳೆದೆ, ಜಗ್ಗಿದೆ, ಜಾರಲಿಲ್ಲ. ಈ ವಯಸ್ಸಿನಲ್ಲಿ ಕುಣಿದಾಡುವುದೊಂದು ಬಾಕಿ. ರಂಗಪ್ಪನಿಗೆ ಮಾತ್ರ ಅನುಮಾನ.

"ಗಟ್ಟಿ ಐತಾ ಮೇಷ್ಟ್ರೇ? ಮನೇಲಿ ಎರಡು ಹೆಣ್ಮಕ್ಳವೆ."

ಕುಣಿಕೆಯನ್ನು ತಲೆಯ ಮೇಲಿಂದ ನನ್ನ ಕಂಕುಳಿಗೇ ಇಳಿಸಿಕೊಂಡೆ. ಇನ್ನೊಂದು ತುದಿಯನ್ನು ಅದೇ ತೆಂಗಿನ ಮರಕ್ಕೆ ಕಟ್ಟಿದೆ. ಕಟ್ಟೆಯಾಚೆ ಕಾಲು ಇಳಿಬಿಟ್ಟು, ಕೈ ಬಿಟ್ಟೆ.