ಗೇಟು ಮುಚ್ಚೋಕಾಗಲ್ಲ

ಕ್ಯಾನ್ಸರ್ ಸಂಶೋಧನೆಗೆ ರಕ್ತದ ಸ್ಯಾಂಪಲ್ ತರಲು ಭದ್ರಾವತಿಯ ಜನ್ನಾಪುರಕ್ಕೆ ಹೋಗಿದ್ದೆ. ರಕ್ತ ಕೊಡುವವರು ಕಾರ್ಖಾನೆಯ ಗೇಟು ಕಾದು ನಿವೃತ್ತರಾದವರು. ಅವರಿಗೆ ಕರುಳಿನ ಕ್ಯಾನ್ಸರ್ ಇತ್ತು.

"ಜೀವಕೋಶದ ಮೇಲೆ ಕೀಮೋಕೈನ್ ಗ್ರಾಹಕ ಅಂತಿರುತ್ತೆ, ರಾಸಾಯನಿಕ ಸಂಕೇತ ಹಿಡಿಯೋ ಒಂಥರಾ ಗೇಟು. ಸೋಂಕು ಇರೋ ಕಡೆಗೆ ರಕ್ಷಣೆಯ ಕೋಶಗಳು ಹೋಗೋದು ಅದರಿಂದಲೇ. ಅದನ್ನೇ ಬಳಸ್ಕೊಂಡು ಕ್ಯಾನ್ಸರ್ ಹರಡುತ್ತೆ, ಕೆಲವು ವೈರಸ್ ಒಳಗೆ ನುಗ್ಗುತ್ತವೆ," ಅಂದೆ.

"ಹಾಗಾದ್ರೆ ಅದನ್ನ ಮುಚ್ಚಿಬಿಡಿ ಮೇಡಂ."

"ಪೂರ್ತಿ ಮುಚ್ಚಿದ್ರೆ ನಮ್ಮವರಿಗೂ ದಾರಿ ಇರಲ್ಲ."

ಅವರು ನಕ್ಕರು. "ನಮ್ಮ ಗೇಟಲ್ಲೂ ಅದೇ ಕಥೆ. ಕಳ್ಳ ಬರ್ತಾನೆ ಅಂತ ಮುಚ್ಚಿದ್ರೆ ಶಿಫ್ಟೇ ನಿಲ್ತಿತ್ತು. ಮುಖ ನೋಡಿ ಹಿಡೀತಿದ್ವಿ. ಕೆಲಸದವನು ಆಕಳಿಸ್ತಾ ಬರ್ತಾನೆ, ಕಳ್ಳ ಮಾತ್ರ ನಮಸ್ಕಾರ ಹೊಡೀತಾನೆ."

ನನಗೂ ನಗು ಬಂತು. ಸೂಜಿ ಚುಚ್ಚುವಾಗ ಮೆಲ್ಲಗೆ ಕೇಳಿದರು: "ನನ್ನೊಳಗೆ ನುಗ್ಗಿದವನ ಗುರುತು ಸಿಕ್ಕಿದ್ರೆ ಫೋನ್ ಮಾಡ್ತೀರಾ?"

ಫಾರಂನಲ್ಲಿ ಅದಕ್ಕೆ ಕಾಲಂ ಇರಲಿಲ್ಲ. ಅವರ ನಂಬರನ್ನು ಅಂಚಿನಲ್ಲಿ ಬರೆದುಕೊಂಡೆ.