ಪುಕ್ಕಟೆ ಕೊಟ್ಟ ದನಿ

ಆ ಹಾಡು ಇಂಟರ್ನೆಟ್ಟಿನಲ್ಲಿ ಕಣ್ಣಿಗೆ ಬಿದ್ದಾಗ ನನಗೆ ಖುಷಿಗಿಂತ ಮೊದಲು ಅನುಮಾನ ಬಂತು. ಕುಷ್ಟಗಿಯ ತತ್ವಪದದ ಗಾಯಕಿಯೊಬ್ಬರು ತಮ್ಮ ಪದವೊಂದನ್ನು ಬಿಡಿಬಿಡಿಯಾಗಿ ಹಾಕಿದ್ದರು. ಹಾರ್ಮೋನಿಯಂ ಬೇರೆ, ತಬಲಾ ಬೇರೆ, ತಾಳ ಬೇರೆ, ದನಿ ಬೇರೆ. ಶಾಲೆಯ ಮಕ್ಕಳು ಇದನ್ನು ಹೇಗೆ ಬೇಕಾದರೂ ಬಳಸಬಹುದು, ನಮ್ಮನ್ನು ಕೇಳಬೇಕಾಗಿಲ್ಲ ಎಂದು ಕೆಳಗೆ ಬರೆದಿದ್ದರು.

ನಾನು ಯಲಬುರ್ಗಾ ತಾಲ್ಲೂಕಿನ ಸರಕಾರಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ಶಿಕ್ಷಕಿ; ಮಕ್ಕಳ ಬಾಯಲ್ಲಿ ಅಕ್ಕೋರು. ಕಂಪ್ಯೂಟರ್ ಕೋಣೆಯೂ ನನ್ನ ಸುಪರ್ದಿಯಲ್ಲೇ ಇದೆ. ನಮ್ಮ ಒಂಬತ್ತನೇ ತರಗತಿಯ ಹುಡುಗಿಯರು ಪರದೆಯ ಮೇಲಿನ ಚಿತ್ರವನ್ನು ಒತ್ತಿದರೆ ಸಂಗೀತ ಕೇಳುವಂಥ ಪ್ರೋಗ್ರಾಂ ಮಾಡುತ್ತಿದ್ದರು. ಸಂಗೀತ ಎಲ್ಲಿಂದ ತರುವುದು? ಹಿಂದಿನ ವರ್ಷ ಇಂಟರ್ನೆಟ್ಟಿಗೆ ಹಾಕಿದ್ದ ಶಾಲಾ ವಾರ್ಷಿಕೋತ್ಸವದ, ಅಂದರೆ ಗ್ಯಾದರಿಂಗಿನ, ವಿಡಿಯೊದಲ್ಲಿ ಸಿನಿಮಾ ಹಾಡಿತ್ತೆಂದು ಹಾಡಿನ ಹಕ್ಕಿನವರು ಅದರ ದನಿಯನ್ನೇ ಬಂದ್ ಮಾಡಿಸಿದ್ದರು. ನಮ್ಮ ಮಕ್ಕಳು ಸದ್ದಿಲ್ಲದೆ ಕುಣಿಯುವುದನ್ನು ಊರೆಲ್ಲ ನೋಡಿ ನಕ್ಕಿತ್ತು.

"ಪುಕ್ಕಟೆ ಯಾರು ಕೊಡ್ತಾರ್ರೀ?" ಎಂದರು ಹೆಡ್ ಮಾಸ್ತರರು. "ಇವತ್ತು ತಗೋರಿ ಅಂತಾರ, ನಾಳೆ ನೋಟಿಸ್ ಕಳಸ್ತಾರ. ಒಮ್ಮೆ ಹೋಗಿ ಕೇಳಿಬರ್ರಿ."

ಭಾನುವಾರ ಬಸ್ ಹಿಡಿದು ಕುಷ್ಟಗಿಗೆ ಹೋಗಿ ಗಾಯಕಿಯ ಮನೆ ಹುಡುಕಿದೆ. ಬಾಗಿಲು ತೆರೆದವರು ಗಾಯಕಿಯ ಗಂಡ. ತಬಲಾ ಬಾರಿಸಿದವರು ಅವರೇ. ಹೊಸ್ತಿಲಲ್ಲೇ ನಿಲ್ಲಿಸಿ ಕೇಳಿದರು: "ಯಾವ ಕಂಪನಿಯವರು ನೀವು?"

"ಕಂಪನಿ ಅಲ್ರಿ, ಸಾಲಿಯಿಂದ ಬಂದೀನಿ."

"ಕೇಳಬ್ಯಾಡ್ರಿ ಅಂತ ಬರದೀವಿ. ಆದ್ರೂ ಕೇಳಾಕ ಬಂದೀರಿ ಅಂದ್ರ ನಿಮಗ ಮತ್ತೇನೋ ಬೇಕಾಗೈತಿ."

ನಾನು ಅವರನ್ನು ಶಂಕಿಸಿ ಬಂದಿದ್ದೆ. ಅವರು ನನ್ನನ್ನು ಶಂಕಿಸಿ ಬಾಗಿಲಿಗೆ ಅಡ್ಡ ನಿಂತಿದ್ದರು. ಒಳಗಿನಿಂದ ಬಂದ ಗಾಯಕಿ ನನ್ನ ಗುರುತಿನ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಆಮೇಲೆ ಚಾಪೆ ಹಾಸಿದರು.

"ಯಾಕ ಕೊಟ್ಟೀರಿ?" ಎಂದೆ.

"ಹುಡುಗರು ಕೇಳಲಿ ಅಂತ ಕೊಟ್ಟೀನ್ರಿ. ಇಡೀ ಪದ ಹಿಂಗ ಇಟ್ರ ಯಾರೂ ಕೇಳೂದಿಲ್ಲ, ಒಡದು ಆಡಿದ್ರರ ಕೇಳ್ತಾರ." ಮತ್ತೆ ಸೇರಿಸಿದರು: "ನಿಮ್ಮ ಸಾಲಿಗೆ ನಾನೂ ಬರ್ತೀನಿ. ನೀವೇನು ಮಾಡ್ತೀರಿ, ನನ್ನ ಕಣ್ಣಿಂದ ನೋಡಬೇಕು."

ಅದು ಪ್ರೀತಿಯ ಮಾತಲ್ಲ, ತನಿಖೆಯ ಮಾತು ಎಂದು ನನಗೆ ಗೊತ್ತಾಯಿತು.

ಗಂಡ ಹೆಂಡತಿ ಇಬ್ಬರೂ ಶಾಲೆಗೆ ಬಂದರು. ಹುಡುಗಿಯರು ಪರದೆಯ ಮೇಲೆ ನಮ್ಮ ಹತ್ತಿರದ ಇಟಗಿಯ ಹಳೆಯ ಗುಡಿಯ ಕಂಬಗಳನ್ನು ಚಿತ್ರಿಸಿ, ಒಂದೊಂದು ಕಂಬಕ್ಕೆ ಒಂದೊಂದು ವಾದ್ಯ, ಕೊನೆಯ ಕಂಬಕ್ಕೆ ದನಿ ಕೂಡಿಸಿದ್ದರು. ತಬಲಾದ ಕಂಬವನ್ನು ಗಂಡ ಮತ್ತೆ ಮತ್ತೆ ಒತ್ತಿದರು. ಮುಖ ಸಡಿಲವಾಗಲಿಲ್ಲ, ಆದರೆ ಬೆರಳು ನಿಲ್ಲಲೂ ಇಲ್ಲ.

ಅಷ್ಟರಲ್ಲಿ ಮೂಲೆಯ ಕಂಪ್ಯೂಟರಿನ ಮುಂದಿದ್ದ ಹುಡುಗಿ ತನ್ನದನ್ನು ಹಚ್ಚಿದಳು. ಪದದ ಅಕ್ಷರಗಳನ್ನು ಕತ್ತರಿಸಿ ಬೇರೆ ಥರ ಜೋಡಿಸಿದ್ದಳು. ಗಾಯಕಿಯ ದನಿ ಅವಳ ಗೆಳತಿಯ ಹೆಸರು ಹಿಡಿದು ಕರೆದು, ಬೇಗ ಬಾ ಎಂದು ಗದರಿತು. ಕೋಣೆಯೆಲ್ಲ ನಕ್ಕಿತು. ಗಾಯಕಿ ನಗಲಿಲ್ಲ.

"ದನಿ ನಂದ," ಎಂದರು. "ಆದ್ರ ಇದನ್ನ ನಾ ಅಂದಿಲ್ಲ."

"ಇವರಿಗ ಮತ್ತೇನೋ ಬೇಕಾಗೈತಿ ಅಂತ ನಾ ಮೊದಲ ಹೇಳಿದ್ದಿಲ್ಲೇನು?" ಎಂದು ಗಂಡ ನನ್ನ ಕಡೆ ನೋಡಿದರು. ಹುಡುಗಿ ಮೌಸ್ ಬಿಟ್ಟು ಎದ್ದು ಗಾಯಕಿಯ ಕಡೆ ತಿರುಗಿದಳು. "ಅಳಸ್ಲೇನ್ರಿ ಅಮ್ಮಾರ?"

"ತಡಿ. ಹೆಂಗ ಮಾಡಿದಿ, ತೋರಸು."

ಪಕ್ಕದಲ್ಲಿ ಕೂತು, ತಮ್ಮ ದನಿ ಪರದೆಯ ಮೇಲೆ ತುಂಡಾಗಿ ಮತ್ತೆ ಕೂಡುವುದನ್ನು ಗಾಯಕಿ ನೋಡಿದರು.

"ಇಷ್ಟು ಸಲೀಸೇನು?"

"ಹೂಂರಿ."

"ನೀ ಗೆಳತೀನ ಕರದಿ. ಬ್ಯಾರೆಯವರು ನನ್ನ ದನೀಲೆ ಏನು ಅಂತಾರೋ."

ನನಗೆ ನೋಟಿಸಿನ ಭಯವಿತ್ತು. ಅವರ ಈ ಭಯ ನನಗೆ ಹೊಳೆದೇ ಇರಲಿಲ್ಲ. ಹೊರಡುವಾಗ ಅವರು, ವಾದ್ಯಗಳನ್ನು ಎಲ್ಲಿ ಬೇಕಾದರೂ ಒಯ್ಯಿರಿ, ದನಿ ಮಾತ್ರ ಈ ಕೋಣೆ ದಾಟಬಾರದು ಎಂದರು. ಹುಡುಗಿಯ ತಲೆ ಸವರಿದರು; ಅವಳ ಕೆಲಸವನ್ನು ಅಳಿಸಲೂ ಬಿಡಲಿಲ್ಲ.

ಕೆಲವೇ ದಿನಗಳಲ್ಲಿ ಇಂಟರ್ನೆಟ್ಟಿನಿಂದ ದನಿ ಮಾಯವಾಯಿತು. ಉಳಿದವು ಹಾಗೇ ಇದ್ದವು. "ನೋಡಿದ್ರಿಲ್ಲ, ಹಿಂದಕ್ಕ ತಗೊಂಡ್ರು," ಎಂದು ಹೆಡ್ ಮಾಸ್ತರರು ಗೆದ್ದವರಂತೆ ಹೇಳಿದರು. ಅವರಿಗೆ ತಿಳಿಸಿ ಹೇಳಲು ಹೋದೆ, ಅವರು ಕೇಳಲಿಲ್ಲ.

ಕೊಪ್ಪಳದಲ್ಲಿ ನಡೆದ ಶಾಲಾ ಮಕ್ಕಳ ವಸ್ತುಪ್ರದರ್ಶನಕ್ಕೆ ಕಂಬಗಳ ಪ್ರೋಗ್ರಾಂ ಅನ್ನು ದನಿಯಿಲ್ಲದೆಯೇ ಒಯ್ದೆವು. ತೀರ್ಪುಗಾರರೊಬ್ಬರು ಕಿವಿಗೊಟ್ಟು ಕೇಳಿ, "ಸಂಗೀತ ಎಲ್ಲಿಂದ ಕದ್ದೀರಿ?" ಎಂದರು.

"ಕದ್ದಿಲ್ರಿ, ಕೊಟ್ಟಾರ," ಎಂದಳು ದನಿ ಕತ್ತರಿಸಿದ್ದ ಅದೇ ಹುಡುಗಿ. ಅವರು ಅವಳನ್ನು ಬಿಟ್ಟು ನನ್ನ ಮುಖ ನೋಡಿದರು. ನಾನೂ ಹೌದೆಂದೆ. ನಂಬಲಿಲ್ಲ, ಮುಂದಿನ ಮೇಜಿಗೆ ಹೋದರು. ನಮಗೆ ಬಹುಮಾನ ಬರಲಿಲ್ಲ.

ಮರುವಾರ ಆ ಹುಡುಗಿ ದನಿಯಿಲ್ಲದ ಕಂಬಕ್ಕೆ ತಾನೇ ಹಾಡುತ್ತೇನೆಂದಳು. ಛಲೋ ಹಾಡಿದಳು. ರೆಕಾರ್ಡ್ ಮುಗಿದ ಮೇಲೆ ಕೇಳಿದಳು: "ಅಕ್ಕೋರ, ಇದನ್ನ ಯಾರ್ ಯಾರು ತಗೋತಾರ್ರಿ?"

"ಸದ್ಯ ಯಾರೂ ಇಲ್ಲ," ಎಂದು ಹೇಳಿ, ಅದನ್ನು ಎಲ್ಲಿಗೂ ಕಳಿಸದೆ ಆ ಕೋಣೆಯ ಕಂಪ್ಯೂಟರಿನಲ್ಲೇ ಉಳಿಸಿದೆ.