ಪೆರಿಯನಾಯಕಿಯ ಹಸಿರು ಬೇಳೆ

ಅನ್ನೂರಿನಿಂದ ಗಾಂಧಿಪುರಂಗೆ ಹೋಗುವ ಮೊದಲ ಟೌನ್ ಬಸ್ಸು ಇನ್ನೂ ಹೊರಟಿಲ್ಲ. ಪೆರಿಯನಾಯಕಿ ಆಗಲೇ ಹಿತ್ತಲಲ್ಲಿ ದೋಟಿ ಹಿಡಿದು ನುಗ್ಗೆಕೊಂಬೆ ಬಗ್ಗಿಸುತ್ತಿದ್ದಾರೆ. ಮಡಿಲ ತುಂಬ ಸೊಪ್ಪು. ಬಿಸಿಲೇರುವ ಮೊದಲು ಅದನ್ನು ಬಿಡಿಸಿ, ಶಾಲೆಯ ಅಡುಗೆಕೋಣೆಯಲ್ಲಿ ಒಲೆ ಹೊತ್ತಿಸಬೇಕು. ಸರ್ಕಾರ ಮಧ್ಯಾಹ್ನದೂಟ ಶುರುಮಾಡಿ ಇದು ನಾಲ್ಕನೇ ವರ್ಷ. ಅಂದಿನಿಂದಲೂ ನೂರಿಪ್ಪತ್ತು ಮಕ್ಕಳಿಗೆ ಬೇಯಿಸಿ ಬಡಿಸುವ ‘ಆಯಾ’ ಇವರೇ.

ನೇಕಾರರ ಮನೆಯ ಹೆಣ್ಣುಮಗಳು. ಗಂಡ ತೀರಿಕೊಂಡ ಮೇಲೆ ಮಗ್ಗ ಮಾರಿ ಸೌಟು ಹಿಡಿದರು. ಮನೆಯಲ್ಲಿ ಕನ್ನಡ, ಒಲೆಯ ಮುಂದೆ ತಮಿಳು.

“ಸೊಪ್ಪು ಹಾಕಿದ್ರೆ ಮಕ್ಳು ಒಂದೊಂದೇ ಎಲೆ ಆಯ್ದು ತಟ್ಟೆ ಅಂಚಿಗೆ ತಳ್ಳೋವು. ನಾನೂ ಹೋಗ್ಲಿ ಅಂತ ಬಿಟ್ಟಿದ್ದೆ” ಎನ್ನುತ್ತಾರೆ.

ಹೋದ ವರ್ಷ ಅದೇ ಶಾಲೆಗೆ ಹೋಗುವ ನೆರೆಮನೆಯ ಏಳು ವರ್ಷದ ಮಲ್ಲಿಗಾ ಮುಸ್ಸಂಜೆಯಾದರೆ ಗೋಡೆ ತಡವಿಕೊಂಡು ನಡೆಯತೊಡಗಿದಳು. ಒಂದು ಸಂಜೆ ಅಪ್ಪ ತಂಗವೇಲುವಿನ ಮಗ್ಗದ ಗುಂಡಿಗೆ ಬಿದ್ದು ಹಣೆ ಒಡೆದುಕೊಂಡಳು. ತಾಯಿ ದೃಷ್ಟಿ ತೆಗೆದಳು. ಪೆರಿಯನಾಯಕಿ ಮಾತ್ರ ಮಗುವಿನ ಕೈಹಿಡಿದು ಆಸ್ಪತ್ರೆಗೆ ನಡೆದರು. ಇರುಳುಗಣ್ಣು, ಬಿಟ್ಟರೆ ಕಣ್ಣೇ ಹೋದೀತು ಎಂದ ನರ್ಸಮ್ಮ ಔಷಧಿ ಕುಡಿಸಿ, ಇನ್ನು ಮೇಲೆ ಎಣ್ಣೆಯಲ್ಲಿ ಬಾಡಿಸಿದ ಸೊಪ್ಪು, ಪಪ್ಪಾಯಿ ತಪ್ಪಿಸಬೇಡಿ ಎಂದರು.

ತಂಗವೇಲುವಿಗೆ ಅವಮಾನವಾಯಿತು. “ಬೇಲಿ ಸೊಪ್ಪು ಗತಿಯಿಲ್ದೋರು ತಿನ್ನೋದು ಅಕ್ಕಾ. ಮಗೂಗೆ ಬಿಳಿ ಅನ್ನ ಹಾಕ್ಬೇಕು ಅಂತ ತಾನೆ ನಾನು ನೇಯ್ತಿರೋದು?”

“ಅನ್ನ ಬಲ ಕೊಡ್ತದೆ ತಂಬಿ, ಕಣ್ಣು ಕೊಡಲ್ಲ. ನಿನ್ ಗೌರವ ನೋಡೋಕಾದ್ರೂ ಅದುಕ್ಕೆ ಕಣ್ಣು ಬೇಕಲ್ಲ?”

ಅವನು ಎದ್ದು ಮಗ್ಗದ ಕಡೆ ಹೋದ.

ಮರುದಿನ ಪೆರಿಯನಾಯಕಿ ಸೊಪ್ಪನ್ನು ಬೆಳ್ಳುಳ್ಳಿಯೊಂದಿಗೆ ಎಣ್ಣೆಯಲ್ಲಿ ಬಾಡಿಸಿ, ನುಣ್ಣಗೆ ಅರೆದು ಬೇಳೆಗೆ ಬೆರೆಸಿದರು. ಇನ್ನು ಎಲೆ ಆಯುವಂತಿರಲಿಲ್ಲ. ಹಸಿರು ಬೇಳೆ ಕಂಡು ಅರ್ಧ ಮಕ್ಕಳು ತಟ್ಟೆ ಸರಿಸಿದವು. ಪೆರಿಯನಾಯಕಿ ಮಲ್ಲಿಗಾಳ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕುಳಿತು, ಅದನ್ನೇ ಅನ್ನಕ್ಕೆ ಕಲಸಿ ಉಂಡರು. ಮಲ್ಲಿಗಾ ಒಂದು ತುತ್ತು ಬಾಯಿಗಿಟ್ಟಳು. ಆಮೇಲೆ ಇನ್ನೊಂದು.

ಈಗ ದೀಪ ಹಚ್ಚುವ ಹೊತ್ತಿಗೆ ಅವಳು ಅಪ್ಪನಿಗೆ ನೂಲು ಸುತ್ತಿದ ಕಂಡಿಕೆ ತಂದುಕೊಡುತ್ತಾಳೆ, ಗೋಡೆ ಮುಟ್ಟದೆ. ತಂಗವೇಲು ಯಾರಿಗೂ ಹೇಳದೆ ತನ್ನ ಬಾಗಿಲ ಬಳಿ ಒಂದು ನುಗ್ಗೆಕೊಂಬೆ ನೆಟ್ಟಿದ್ದಾನೆ.

“ಔಷಧಿ ಕೊಟ್ಟೋರು ನರ್ಸಮ್ಮ. ನಾನು ಅಡುಗೆ ಮಾಡ್ದೆ, ಅಷ್ಟೇ” ಎನ್ನುತ್ತಾರೆ ಪೆರಿಯನಾಯಕಿ. ಆಸೆಯೇನಾದರೂ ಇದೆಯೇ ಎಂದರೆ ಸೆರಗಿನಲ್ಲಿ ಮುಖ ಒರೆಸಿಕೊಂಡು ನಗುತ್ತಾರೆ. “ವಾರಕ್ಕೊಂದು ಮೊಟ್ಟೆ ಕೊಡ್ಲಿ ಸರ್ಕಾರ. ಎಷ್ಟಿದ್ರೂ ನಾನೇ ಸುಲಿದು ಕೊಡ್ತೀನಿ.”